ಉರಿದದ್ದು, ಉಂಡದ್ದು: ಒಂದು ಲೆಕ್ಕದ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆಂದು ದೀಪಾವಳಿ ರಜೆಯಲ್ಲಿ ಊರಿಗೆ ಬಂದಿದ್ದೆ. ಸಭೆ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಯ ಜಗುಲಿಯ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಎಲೆಗೆ ಹೋಳಿಗೆ ಬಂತು, ಮೇಲೆ ತುಪ್ಪ ಬಂತು. ಪಕ್ಕದಲ್ಲಿ ಕೂತಿದ್ದ ನನ್ನ ಸಹಪಾಠಿ ಕೈಯಲ್ಲಿದ್ದ ವಾಚು ನೋಡಿಕೊಂಡು, "ಬೆಳಿಗ್ಗೆ ಒಂದು ಗಂಟೆ ನಡೆದಿದ್ದೀನಿ. ನಾನೂರು ಕ್ಯಾಲೊರಿ ಖರ್ಚಾಗಿದೆ ಅಂತ ತೋರಿಸ್ತಿದೆ. ಇನ್ನೊಂದು ಹಾಕಿಸಿಕೊಳ್ಳಬಹುದು ತಾನೆ?" ಎಂದ. ಎಲ್ಲರೂ ನಕ್ಕರು. ಬಡಿಸುವವರು ಇನ್ನೊಂದು ಹೋಳಿಗೆ ಹಾಕಿಯೇ ಮುಂದೆ ಹೋದರು.

ನನಗೆ ಮಾತ್ರ ಆ ಪ್ರಶ್ನೆ ತಮಾಷೆಯಾಗಿ ಕಾಣಲಿಲ್ಲ. ಅದೇ ಪ್ರಶ್ನೆಗೆ ಎರಡು ಬಾರಿ ತಪ್ಪು ಉತ್ತರ ಕೊಟ್ಟು ಪೆಟ್ಟು ತಿಂದವನು ನಾನು. ಮೂವತ್ತಮೂರನೇ ವಯಸ್ಸಿನಲ್ಲಿ ಆಫೀಸಿನ ಆರೋಗ್ಯ ತಪಾಸಣೆಯಲ್ಲಿ ನನ್ನ ತೂಕ 91 ಕಿಲೋ ಇತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮ ತಂದೆಗೆ ಆ ಕಾಯಿಲೆ ಇದೆ. ಅವರ ಕಾಲಿನ ಒಂದು ಸಣ್ಣ ಗಾಯ ಮಾಯಲು ಎಂಟು ತಿಂಗಳು ಹಿಡಿದದ್ದನ್ನು, ಅಮ್ಮ ದಿನವೂ ಅದನ್ನು ತೊಳೆದು ಕಟ್ಟುತ್ತಿದ್ದುದನ್ನು ನೋಡಿದ್ದೇನೆ. ಆದ್ದರಿಂದ ಮರುದಿನವೇ ಓಡಲು ಶುರು ಮಾಡಿದೆ.

ಮೊದಲ ನಾಲ್ಕು ತಿಂಗಳು, ವಾಚು ಎಷ್ಟು ಖರ್ಚಾಯಿತು ಎನ್ನುತ್ತದೋ ಅಷ್ಟನ್ನೂ ಲೆಕ್ಕ ಹಾಕಿ ಮರಳಿ ತಿಂದೆ. ತೂಕ ಇಳಿಯುವುದಿರಲಿ, ಎರಡು ಕಿಲೋ ಏರಿತು. ಸಿಟ್ಟು ಬಂದು ಮುಂದಿನ ಎರಡು ತಿಂಗಳು ಏನನ್ನೂ ಮರಳಿ ತಿನ್ನಲಿಲ್ಲ. ಊಟವನ್ನೂ ಕಡಿಮೆ ಮಾಡಿದೆ, ಓಟವನ್ನೂ ಹೆಚ್ಚಿಸಿದೆ. ತೂಕ ಇಳಿಯಿತು. ಜೊತೆಗೆ ನಿದ್ದೆ ಹೋಯಿತು, ಮನೆಯವರ ಮೇಲೆ ಕೂಗಾಟ ಹೆಚ್ಚಿತು. ಒಂದು ಸಂಜೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದೆ. ಆಮೇಲೆ ಎಲ್ಲವನ್ನೂ ಬಿಟ್ಟೆ. ಇಳಿದ ತೂಕ ಮೂರೇ ತಿಂಗಳಲ್ಲಿ ಮರಳಿ ಬಂತು.

ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಉತ್ತರ ತಪ್ಪು ಬಂದರೆ, ಆ ಸಂಖ್ಯೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗುವುದು. ವಾಚಿನ ಮೇಲಿನ ಆ ಸಂಖ್ಯೆಯನ್ನು ಹಿಡಿದು ನಾನೂ ಹಾಗೇ ಹಿಂದಕ್ಕೆ ಹೋದೆ. ಇನ್ನೂರು ವರ್ಷಕ್ಕೂ ಹಿಂದಿನ ಪ್ಯಾರಿಸ್‌ವರೆಗೆ ಹೋಗಬೇಕಾಯಿತು. ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ಆ ಕಥೆಯನ್ನೇ ಬರೆಯೋಣ ಎನಿಸಿತು. ನಾನು ವೈದ್ಯನಲ್ಲ, ಬಿ.ಇ. ಓದಿದವನು. ಓದಿ ತಿಳಿದದ್ದನ್ನು, ಅನುಭವಿಸಿದ್ದನ್ನು ಹೇಳುತ್ತೇನೆ.

ಪ್ಯಾರಿಸ್‌ನ ಉಸಿರು

ಒಲೆಯಲ್ಲಿ ಸೌದೆ ಉರಿಯುವುದಕ್ಕೂ ನಮ್ಮ ದೇಹದಲ್ಲಿ ಅನ್ನ ಕರಗುವುದಕ್ಕೂ ಸಂಬಂಧವಿದೆ ಎಂದು ಅಳತೆ ಮಾಡಿ ತೋರಿಸಿದವನು ಫ್ರಾನ್ಸಿನ ಆಂಟ್ವಾನ್ ಲವಾಸಿಯೆ. ಎಂಟನೇ ತರಗತಿಯ ವಿಜ್ಞಾನ ಪಾಠದಲ್ಲಿ ಆಮ್ಲಜನಕದ ಜೊತೆ ಈ ಹೆಸರನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. 1782-83ರ ಚಳಿಗಾಲದಲ್ಲಿ ಅವನು ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯೊಳಗೆ ಇಟ್ಟ. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ನೀರನ್ನು ಅಳೆದ. ಉಸಿರಾಟವೆಂದರೆ ಒಂದು ನಿಧಾನವಾದ ಉರಿ ಎಂಬುದು ಅವರ ತೀರ್ಮಾನ.

ಕೆಲವು ವರ್ಷಗಳ ನಂತರ, 1789-90ರ ಹೊತ್ತಿಗೆ, ಲವಾಸಿಯೆ ಇದನ್ನು ಮನುಷ್ಯನ ಮೇಲೆ ಪರೀಕ್ಷಿಸಿದ. ಅವನ ಸಹಾಯಕ ಅರ್ಮಾಂ ಸೆಗ್ಯಾಂ ಮುಖಕ್ಕೆ ಮುಸುಕು ಕಟ್ಟಿಕೊಂಡು ಕೂತ. ಸುಮ್ಮನೆ ಕೂತಾಗ, ಊಟದ ನಂತರ, ಕಾಲಿನಿಂದ ಭಾರ ಎತ್ತುವಾಗ ಅವನು ಎಳೆದುಕೊಂಡ ಆಮ್ಲಜನಕವನ್ನು ಬೇರೆ ಬೇರೆಯಾಗಿ ಅಳೆದರು. ಕೆಲಸ ಮಾಡುವಾಗ ಅದು ಸುಮ್ಮನೆ ಕೂತಾಗಿನ ಎರಡು ಪಟ್ಟಿಗೂ ಹೆಚ್ಚಿತ್ತು. ಲವಾಸಿಯೆಯ ಪತ್ನಿ ಮರಿ ಆನ್ ಈ ಪ್ರಯೋಗದ ಚಿತ್ರ ಬರೆದಿದ್ದಾರೆ. ಬರೆದುಕೊಳ್ಳುತ್ತ ಮೇಜಿನ ಮುಂದೆ ಕೂತ ತಮ್ಮನ್ನೂ ಆ ಚಿತ್ರದಲ್ಲಿ ಸೇರಿಸಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಳತೆಯಿಂದ ಲವಾಸಿಯೆ ಎತ್ತಿದ ಪ್ರಶ್ನೆ. ಮೈಮುರಿದು ದುಡಿಯುವ ಬಡವನ ದೇಹ ಹೆಚ್ಚು ಉರಿಸುತ್ತದೆ, ಕೂತು ಉಣ್ಣುವ ಶ್ರೀಮಂತನ ದೇಹ ಕಡಿಮೆ ಉರಿಸುತ್ತದೆ. ಹಾಗಿದ್ದೂ ಹೆಚ್ಚು ಬೇಕಾದವನಿಗೆ ಕಡಿಮೆ, ಕಡಿಮೆ ಬೇಕಾದವನಿಗೆ ಹೆಚ್ಚು ಸಿಗುತ್ತಿದೆಯಲ್ಲ, ಏಕೆ? ಇದು 1789ರಲ್ಲಿ, ಫ್ರಾನ್ಸಿನ ಕ್ರಾಂತಿಯ ವರ್ಷದಲ್ಲಿ ಬರೆದದ್ದು. ಅದೇ ಕ್ರಾಂತಿ 1794ರ ಮೇ 8ರಂದು ಅವನ ತಲೆಯನ್ನೂ ತೆಗೆಯಿತು. ಉರಿದದ್ದನ್ನು ಮರಳಿ ತಿನ್ನಬೇಕೆ ಎಂಬ ನಮ್ಮ ಪ್ರಶ್ನೆ ಮೊದಲು ಹುಟ್ಟಿದ್ದು ಹೀಗೆ. ಅಂದು ಅದು ತೂಕ ಇಳಿಸುವವರ ಪ್ರಶ್ನೆ ಆಗಿರಲಿಲ್ಲ. ದುಡಿಯುವವನಿಗೆ ಅವನು ಕಳೆದುಕೊಂಡದ್ದು ಮರಳಿ ಸಿಗುತ್ತಿದೆಯೇ ಎಂಬ ನ್ಯಾಯದ ಪ್ರಶ್ನೆಯಾಗಿತ್ತು.

ಕೋಣೆಯೊಳಗಿನ ಮನುಷ್ಯ

ನೂರು ವರ್ಷಗಳ ನಂತರ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಎಂಬ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞ ಇದೇ ಕೆಲಸವನ್ನು ಮುಂದುವರಿಸಿದ. ಭೌತಶಾಸ್ತ್ರಜ್ಞ ಎಡ್ವರ್ಡ್ ರೋಸಾ ಜೊತೆ ಸೇರಿ ಒಬ್ಬ ಮನುಷ್ಯ ಮಲಗಿ ಏಳುವಷ್ಟು ಸಣ್ಣ, ಗಾಳಿಯಾಡದ ಒಂದು ಕೋಣೆ ಕಟ್ಟಿದ. ಒಳಗಿನ ಕೊಳವೆಗಳಲ್ಲಿ ಹರಿಯುವ ತಣ್ಣೀರು ಒಳಗಿದ್ದವನ ಮೈಶಾಖವನ್ನು ಹೊತ್ತು ಹೊರಗೆ ಬರುತ್ತಿತ್ತು. ನೀರು ಎಷ್ಟು ಬಿಸಿಯಾಯಿತು ಎಂದು ಅಳೆದರೆ ದೇಹ ಎಷ್ಟು ಉರಿಸಿತು ಎಂದು ಗೊತ್ತಾಗುತ್ತಿತ್ತು. 1896ರಲ್ಲಿ ಮನುಷ್ಯರನ್ನು ಒಳಗೆ ಕೂರಿಸಿ ಪ್ರಯೋಗ ಶುರುವಾಯಿತು. ಒಳಗಿದ್ದವರು ದಿನಗಟ್ಟಲೆ ಅಲ್ಲೇ ಉಂಡು, ಓದಿ, ಮಲಗುತ್ತಿದ್ದರು. ಕೆಲವರು ನಿಂತಲ್ಲೇ ನಿಂತ ಸೈಕಲ್ ತುಳಿಯುತ್ತಿದ್ದರು. ಇಂದಿನ ಜಿಮ್ಮಿನ ಸೈಕಲ್ಲಿನ ಅಜ್ಜ ಅದೇ ಎನ್ನಬಹುದು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖವನ್ನೇ ನಾವು ಊಟದ ಮಾತಿನಲ್ಲಿ ಒಂದು ಕ್ಯಾಲೊರಿ ಎನ್ನುತ್ತೇವೆ. ತಿಂದದ್ದರಿಂದ ಬಂದ ಶಕ್ತಿ ಮತ್ತು ದೇಹ ಹೊರಹಾಕಿದ ಶಕ್ತಿ ಒಂದಕ್ಕೊಂದು ತಾಳೆಯಾಗುತ್ತವೆ, ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ ಎಂದು ಆಟ್‌ವಾಟರ್ ತೋರಿಸಿದ. ಒಂದು ಗ್ರಾಂ ಹಿಟ್ಟಿನಂಶಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಎಂಬ ಅಂಕಿಗಳು ಅವನ ತಂಡದವೇ. ಇಂದು ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದಿರುವ ಕ್ಯಾಲೊರಿ ಲೆಕ್ಕಕ್ಕೆ ಮೂಲ ಅದೇ. ಆಟ್‌ವಾಟರನ ಮನಸ್ಸಿನಲ್ಲಿ ಇದ್ದವರೂ ದುಡಿಯುವ ಜನರೇ. ಕಡಿಮೆ ದುಡ್ಡಿನಲ್ಲಿ ಕೂಲಿಕಾರರ ಸಂಸಾರ ಹೊಟ್ಟೆ ತುಂಬ ಉಣ್ಣುವುದು ಹೇಗೆ ಎಂಬುದು ಅವನ ಚಿಂತೆಯಾಗಿತ್ತು.

ಪ್ರಶ್ನೆ ತಿರುವು ಮುರುವಾದದ್ದು

1918ರಲ್ಲಿ ಲಾಸ್ ಏಂಜಲೀಸಿನ ಲೂಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಆಹಾರ ಮತ್ತು ಕ್ಯಾಲೊರಿ ಕುರಿತು ಒಂದು ಪುಸ್ತಕ ಬರೆದರು. ಅವರೂ ಒಂದು ಕಾಲಕ್ಕೆ ಬಹಳ ದಪ್ಪವಿದ್ದು ತೂಕ ಇಳಿಸಿಕೊಂಡವರು. ಇನ್ನು ಮೇಲೆ ರೊಟ್ಟಿಯನ್ನು ಚೂರಿನ ಲೆಕ್ಕದಲ್ಲಿ ತಿನ್ನದೆ ಕ್ಯಾಲೊರಿ ಲೆಕ್ಕದಲ್ಲಿ ತಿನ್ನಿ ಎಂಬುದು ಅವರ ಬೋಧನೆ. ಪುಸ್ತಕ ಅಮೆರಿಕದ ಮನೆಮನೆಗೆ ಹೋಯಿತು. ಹೊಟ್ಟೆಗೆ ಸಾಲದವರಿಗಾಗಿ ಹುಟ್ಟಿದ ಅಳತೆ ಹೊಟ್ಟೆಗೆ ಹೆಚ್ಚಾದವರ ಕೈಗೆ ಬಂದದ್ದು ಆಗ.

ಅಲ್ಲಿಂದ ಮುಂದೆ ಸೂತ್ರಗಳು ಸಾಲಾಗಿ ಬಂದವು. ಸುಮ್ಮನೆ ಮಲಗಿದ್ದರೂ ದೇಹ ಎಷ್ಟು ಉರಿಸುತ್ತದೆ ಎಂದು ಎತ್ತರ, ತೂಕ, ವಯಸ್ಸಿನಿಂದ ಲೆಕ್ಕ ಹಾಕುವ ಹ್ಯಾರಿಸ್–ಬೆನೆಡಿಕ್ಟ್ ಸೂತ್ರ 1919ರಲ್ಲಿ ಬಂತು. ಒಂದು ಕಿಲೋ ಮೈತೂಕಕ್ಕೆ ಸುಮಾರು 7,700 ಕ್ಯಾಲೊರಿ ಎಂಬ ಲೆಕ್ಕ 1958ರಲ್ಲಿ ಮ್ಯಾಕ್ಸ್ ವಿಷ್ನಾಫ್‌ಸ್ಕಿ ಎಂಬ ವೈದ್ಯರ ಲೇಖನದಿಂದ ಜನಪ್ರಿಯವಾಯಿತು. ನಡೆದರೆ ಇಷ್ಟು, ಓಡಿದರೆ ಇಷ್ಟು, ಬಟ್ಟೆ ಒಗೆದರೆ ಇಷ್ಟು ಎಂಬ ದೊಡ್ಡ ಪಟ್ಟಿಯನ್ನು 1993ರಲ್ಲಿ ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಂದಿನ ಮೊಬೈಲ್ ಆ್ಯಪುಗಳು ನಿಂತಿರುವುದು ಇಂಥ ಸೂತ್ರ ಮತ್ತು ಪಟ್ಟಿಗಳ ಮೇಲೆ.

ಈ ಸೂತ್ರಗಳು ಹೆಚ್ಚಾಗಿ ಪಶ್ಚಿಮದ ದೇಶಗಳ ದೇಹಗಳನ್ನು ಅಳೆದು ಮಾಡಿದವು ಎಂಬುದನ್ನು ಗಮನಿಸಬೇಕು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೊವಾರಿಸ್, ಅನುರಾ ಕುರ್ಪಾಡ್ ಮೊದಲಾದವರು ಭಾರತೀಯರನ್ನೇ ಅಳೆದು ನೋಡಿದರು. ಅಂತರರಾಷ್ಟ್ರೀಯ ಸೂತ್ರಗಳು ನಮ್ಮವರು ಮಲಗಿದ್ದಾಗಿನ ಖರ್ಚನ್ನು ಇರುವುದಕ್ಕಿಂತ ಹೆಚ್ಚು ಎಂದು ತೋರಿಸುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ.

ಹೂಗ್ಲಿ ದಡದ ಸೆಣಬಿನ ಗಿರಣಿ

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲೇ. ಕೊಲ್ಕತ್ತದ ಬಳಿ, ಹೂಗ್ಲಿ ನದಿಯ ದಡದ ಚೆಂಗೈಲ್ ಎಂಬಲ್ಲಿ ಒಂದು ಸೆಣಬಿನ ಗಿರಣಿಯಿತ್ತು. ಜೀನ್ ಮೇಯರ್ ಎಂಬ ಪೋಷಣಾ ವಿಜ್ಞಾನಿ, ಪೂರ್ಣಿಮಾ ರಾಯ್ ಮತ್ತು ಕಾಮಾಖ್ಯ ಪ್ರಸಾದ್ ಮಿತ್ರ ಅವರೊಡನೆ ಸೇರಿ ಅಲ್ಲಿನ 213 ಜನರ ಊಟ, ತೂಕ ಮತ್ತು ಕೆಲಸವನ್ನು ಅಧ್ಯಯನ ಮಾಡಿ 1956ರಲ್ಲಿ ಪ್ರಕಟಿಸಿದರು. ಗಿರಣಿಯಲ್ಲಿ ಎಲ್ಲ ಬಗೆಯವರೂ ಇದ್ದರು. ದಿನವಿಡೀ ಅಂಗಡಿಯಲ್ಲಿ ಕೂತವರು, ಮೇಲ್ವಿಚಾರಕರು, ಗುಮಾಸ್ತರು, ನೇಯುವವರು, ಕಲ್ಲಿದ್ದಲು ಹೊರುವವರು, ಮೂಟೆ ಎತ್ತುವವರು.

ಕಂಡದ್ದು ಇಷ್ಟು. ಹಗುರ ಕೆಲಸದಿಂದ ಭಾರದ ಕೆಲಸದವರೆಗೆ ಹೋದಂತೆ ಊಟವೂ ಹೆಚ್ಚುತ್ತಿತ್ತು, ತೂಕ ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಅವರು ಯಾರೂ ಕ್ಯಾಲೊರಿ ಎಣಿಸಿದವರಲ್ಲ. ಹಸಿವೇ ಲೆಕ್ಕ ಇಟ್ಟಿತ್ತು. ಆದರೆ ತೀರಾ ಕೂತಲ್ಲೇ ಕೂತವರ ಊಟ ಕೆಲಸಕ್ಕೆ ತಕ್ಕಂತೆ ಕಡಿಮೆ ಆಗಿರಲಿಲ್ಲ. ಅವರು ಭಾರ ಹೊರುವವರಷ್ಟೇ ತಿನ್ನುತ್ತಿದ್ದರು, ತೂಕವೂ ಹೆಚ್ಚಿತ್ತು. ಇದು ಒಮ್ಮೆ ನೋಡಿ ಬರೆದ ಚಿತ್ರ, ವರ್ಷಗಟ್ಟಲೆ ಹಿಂಬಾಲಿಸಿದ್ದಲ್ಲ. ಆದರೂ ಇದನ್ನು ಓದಿದಾಗ ನಮ್ಮೂರೇ ಕಣ್ಣ ಮುಂದೆ ಬಂತು.

ನಾವು ಓದುವಾಗ ಹೈಸ್ಕೂಲಿಗೆ ಬಿಸಿಯೂಟ ಇರಲಿಲ್ಲ, ಸರ್ಕಾರದ ಸೈಕಲ್ಲೂ ಇರಲಿಲ್ಲ. ಬೆಳಿಗ್ಗೆ ನಾಲ್ಕು ಕಿಲೋಮೀಟರ್, ಸಂಜೆ ನಾಲ್ಕು ಕಿಲೋಮೀಟರ್ ನಡಿಗೆ. ನಡುವೆ ದೈಹಿಕ ಶಿಕ್ಷಣದ ಮೇಷ್ಟ್ರು ಮೈದಾನ ಸುತ್ತಿಸುತ್ತಿದ್ದರು. ಮನೆಗೆ ಹೋದರೆ ಮುದ್ದೆಯ ಮೇಲೆ ಮುದ್ದೆ. ಮರಳಿ ತಿನ್ನಲೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಮುಂದೆ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ನಡಿಗೆ ನಿಂತಿತು. ತಟ್ಟೆ ಮಾತ್ರ ಅದೇ ಅಳತೆಯಲ್ಲಿ ಉಳಿಯಿತು. ಚೆಂಗೈಲಿನ ಅಂಗಡಿಯಲ್ಲಿ ಕೂತವನ ಜಾಗಕ್ಕೆ ನಾನು ಬಂದಿದ್ದೆ.

ಮರಳಿ ತಿನ್ನದೇ ಇದ್ದವರ ಕಥೆ

ಇನ್ನೊಂದು ತುದಿಯ ಪಾಠ ಎರಡನೇ ಮಹಾಯುದ್ಧದ ಕಾಲದ್ದು. ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ಮರಳಿ ಊಟ ಕೊಡುವುದು ಹೇಗೆಂದು ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ ಒಂದು ಪ್ರಯೋಗ ಆರಂಭಿಸಿದರು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ನಿರಾಕರಿಸಿದ್ದ 36 ಯುವಕರು ಸ್ವಯಂಸೇವಕರಾಗಿ ಬಂದರು. 24 ವಾರ ಅವರಿಗೆ ದಿನಕ್ಕೆ ಸರಾಸರಿ ಸುಮಾರು 1,570 ಕ್ಯಾಲೊರಿ ಊಟ. ಅದರ ಜೊತೆ ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ನಡೆಯಲೇಬೇಕು. ಉರಿದದ್ದನ್ನು ಮರಳಿ ತಿನ್ನುವ ಹಾಗಿಲ್ಲ.

ಅವರ ತೂಕದ ಕಾಲು ಭಾಗದಷ್ಟು ಹೋಯಿತು. ಆದರೆ ದೇಹ ಸುಮ್ಮನೆ ಕೂರಲಿಲ್ಲ, ಖರ್ಚು ಕಡಿಮೆ ಮಾಡಿತು. ನಾಡಿ ನಿಧಾನವಾಯಿತು. ಬೇಸಿಗೆಯಲ್ಲೂ ಚಳಿ ಎನ್ನತೊಡಗಿದರು. ಬೇಕಿಲ್ಲದ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಮಲಗಿದ್ದಾಗಿನ ಖರ್ಚೇ ಸುಮಾರು ಶೇಕಡಾ 40ರಷ್ಟು ಇಳಿಯಿತು. ಮನಸ್ಸಿನಲ್ಲಿ ಊಟದ ಯೋಚನೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಕೆಲವರು ತಟ್ಟೆ ನೆಕ್ಕಿದರು, ಕೆಲವರು ಅಡುಗೆ ಪುಸ್ತಕ ಸಂಗ್ರಹಿಸತೊಡಗಿದರು. 1950ರಲ್ಲಿ ಪ್ರಕಟವಾದ ಅದರ ವರದಿ ಎರಡು ದೊಡ್ಡ ಸಂಪುಟಗಳಷ್ಟಿದೆ.

ಆ ಎರಡು ತಿಂಗಳು ನಾನು ಮಾಡಿಕೊಂಡದ್ದು ಅದರ ಸಣ್ಣ ರೂಪವೇ. ದಿನಕ್ಕೆ 1,300 ಕ್ಯಾಲೊರಿ ತಿಂದು ಒಂದು ಗಂಟೆ ಓಡುತ್ತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ, ನಾನೇ ಹಾಕಿಕೊಂಡ ಶಿಕ್ಷೆ. ರಾತ್ರಿ ಮಲಗುವಾಗ ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದೆ. ಮಿನ್ನೆಸೋಟದ ಆ ಯುವಕರ ಬಗ್ಗೆ ಓದಿದ ಮೇಲೆ ಅದೇಕೆಂದು ಅರ್ಥವಾಯಿತು.

ನೀರು ಕುಡಿಸಿ ಅಳೆದ ಸತ್ಯ

ಕೋಣೆಯೊಳಗೆ ಕೂಡಿಹಾಕದೆ, ಮನುಷ್ಯ ತನ್ನ ಪಾಡಿಗೆ ತಾನಿರುವಾಗಲೇ ಖರ್ಚು ಅಳೆಯುವ ವಿಧಾನ ಆಮೇಲೆ ಬಂತು. ನೇಥನ್ ಲಿಫ್ಸನ್ 1950ರ ದಶಕದಲ್ಲಿ ಇಲಿಗಳ ಮೇಲೆ ಬಳಸಿದ್ದನ್ನು 1982ರಲ್ಲಿ ಡೇಲ್ ಶೋಲರ್ ಮನುಷ್ಯರಿಗೆ ಬಳಸಿದರು. ಮಾಮೂಲಿಗಿಂತ ಭಾರವಾದ ಹೈಡ್ರೋಜನ್ ಮತ್ತು ಆಮ್ಲಜನಕ ಇರುವ ನೀರನ್ನು ಕುಡಿಸುತ್ತಾರೆ. ಮುಂದಿನ ದಿನಗಳಲ್ಲಿ ಮೂತ್ರದಲ್ಲಿ ಇವೆರಡೂ ಎಷ್ಟು ಬೇಗ ಕಡಿಮೆಯಾಗುತ್ತವೆ ಎಂದು ನೋಡಿದರೆ, ದೇಹ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು, ಎಷ್ಟು ಉರಿಸಿತು ಎಂದು ಹೇಳಬಹುದು.

ಈ ವಿಧಾನದಿಂದ ಹರ್ಮನ್ ಪಾಂಟ್ಸರ್ ಎಂಬ ವಿಜ್ಞಾನಿಯ ತಂಡ ತಾಂಜಾನಿಯಾದ ಹಾಡ್ಜಾ ಜನರನ್ನು ಅಳೆದು 2012ರಲ್ಲಿ ಪ್ರಕಟಿಸಿತು. ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುವವರು. ಗಂಡಸರು ದಿನಕ್ಕೆ ಸುಮಾರು 11 ಕಿಲೋಮೀಟರ್ ನಡೆಯುತ್ತಾರೆ. ಆದರೂ ಮೈಗಾತ್ರಕ್ಕೆ ತಕ್ಕಂತೆ ನೋಡಿದರೆ ಅವರ ಒಟ್ಟು ದಿನದ ಖರ್ಚು ಅಮೆರಿಕ, ಯುರೋಪಿನ ಜನರ ಖರ್ಚಿನಿಂದ ಬೇರೆಯಾಗಿರಲಿಲ್ಲ. ದೇಹ ಒಂದು ಕಡೆ ಹೆಚ್ಚು ಖರ್ಚಾದರೆ ಇನ್ನೊಂದು ಕಡೆ ಉಳಿತಾಯ ಮಾಡುತ್ತದೆ ಎಂಬ ವಾದ ಇಲ್ಲಿಂದ ಬಲವಾಯಿತು. ಎಷ್ಟು ಉಳಿತಾಯ? 1,754 ವಯಸ್ಕರ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸರಾಸರಿ ಶೇಕಡಾ 28. ಅಂದರೆ ಚಟುವಟಿಕೆಯಿಂದ ನೂರು ಕ್ಯಾಲೊರಿ ಹೆಚ್ಚು ಉರಿಸಿದರೆ ದಿನದ ಕೊನೆಗೆ ಲೆಕ್ಕಕ್ಕೆ ಸಿಗುವುದು ಸುಮಾರು 72. ಮೈಯಲ್ಲಿ ಕೊಬ್ಬು ಹೆಚ್ಚಿರುವವರಲ್ಲಿ ಇನ್ನೂ ಕಡಿಮೆ.

ನನ್ನ ಲೆಕ್ಕ ಎಲ್ಲಿ ತಪ್ಪಿತು

ಇಷ್ಟು ತಿಳಿದ ಮೇಲೆ ನನ್ನ ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿದೆ. 45 ನಿಮಿಷ ನಿಧಾನವಾಗಿ ಓಡಿದಾಗ ವಾಚು 600 ಕ್ಯಾಲೊರಿ ಎನ್ನುತ್ತಿತ್ತು.

ಮೊದಲನೆಯ ತಪ್ಪು ವಾಚಿನದ್ದು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಬಗೆಯ ವಾಚು ಕಟ್ಟಿ ಪರೀಕ್ಷಿಸಿದರು. ನಾಡಿಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು, ಎಲ್ಲಕ್ಕಿಂತ ಕಳಪೆಯದು 93ರಷ್ಟು. ಐನ್ಸ್‌ವರ್ತ್ ಪಟ್ಟಿಯ ಪ್ರಕಾರ ಲೆಕ್ಕ ಹಾಕಿದರೆ ನನ್ನ ತೂಕಕ್ಕೆ, ನನ್ನ ವೇಗಕ್ಕೆ ಬರುವುದು ಸುಮಾರು 440.

ಎರಡನೆಯದು, ಆ 440ರಲ್ಲಿ ನಾನು ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ ಸುಮಾರು 65 ಸೇರಿಕೊಂಡಿದೆ. ಅದನ್ನು ಕಳೆದರೆ ಓಟದಿಂದ ನಿಜವಾಗಿ ಹೆಚ್ಚಾದದ್ದು 375.

ಮೂರನೆಯದು, ದೇಹದ ಉಳಿತಾಯ. ಅದರಲ್ಲಿ ಶೇಕಡಾ 28 ಕಳೆದರೆ 270. ವಾಚಿನ 600 ಎಂಬುದು ಕೊನೆಗೆ 270 ಆಯಿತು, ಅರ್ಧಕ್ಕಿಂತ ಕಡಿಮೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಅದು ನನ್ನದೇ ತಪ್ಪು. ಆ್ಯಪಿನಲ್ಲಿ ಹೆಸರು ನೋಂದಾಯಿಸುವಾಗ "ನಿಮ್ಮ ಚಟುವಟಿಕೆ ಎಷ್ಟು?" ಎಂಬ ಪ್ರಶ್ನೆಗೆ, ಓಡುತ್ತೇನಲ್ಲ ಎಂದು "ಮಧ್ಯಮ" ಎಂದು ಒತ್ತಿದ್ದೆ. ಆ ಒಂದು ಗುಂಡಿಯಿಂದಲೇ ನನ್ನ ದಿನದ ಊಟಕ್ಕೆ ಆರುನೂರಕ್ಕೂ ಹೆಚ್ಚು ಕ್ಯಾಲೊರಿ ಸೇರಿತ್ತು. ಅದರ ಮೇಲೆ ವಾಚು ಹೇಳಿದ 600ನ್ನೂ ತಿನ್ನುತ್ತಿದ್ದೆ. ಒಂದೇ ಓಟಕ್ಕೆ ಎರಡು ಸಲ ಸಂಬಳ ಪಡೆದಂತೆ. ನೌಕರಿಯಲ್ಲಿ ಇಂಥ ತಪ್ಪನ್ನು ಬೇರೆಯವರ ಪ್ರೋಗ್ರಾಮಿನಲ್ಲಿ ನೂರು ಸಲ ಹಿಡಿದಿದ್ದೇನೆ. ನನ್ನ ತಟ್ಟೆಯಲ್ಲಿ ಹಿಡಿಯಲು ಒಂದು ವರ್ಷ ಬೇಕಾಯಿತು.

ಇದರ ಜೊತೆಗೆ ತಿಂದದ್ದನ್ನು ಅಂದಾಜು ಮಾಡುವುದರಲ್ಲೂ ನಾವು ಉದಾರಿಗಳು. 1992ರ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರು ತಿಂದದ್ದನ್ನು ಶೇಕಡಾ 47ರಷ್ಟು ಕಡಿಮೆಯಾಗಿ, ಮಾಡಿದ ವ್ಯಾಯಾಮವನ್ನು 51ರಷ್ಟು ಹೆಚ್ಚಾಗಿ ಹೇಳಿದ್ದರು. ಅವರು ಬೇಕೆಂದು ಸುಳ್ಳು ಹೇಳಿದವರಲ್ಲ. ಹೋಳಿಗೆಯ ಮೇಲೆ ಬಿದ್ದ ಎರಡು ಸಣ್ಣ ಚಮಚ ತುಪ್ಪವನ್ನು ಯಾರು ಬರೆದಿಡುತ್ತಾರೆ? ಅದು ಹತ್ತು ಗ್ರಾಂ ಎಂದರೂ 90 ಕ್ಯಾಲೊರಿ. ಎಂಬತ್ತು ಕಿಲೋ ತೂಕದವನು ಅರ್ಧ ಗಂಟೆ ನಡೆದು ಗಳಿಸಿದ್ದು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಹಾಗಾದರೆ ಏನು ಮಾಡಬೇಕು

ನಾನು ಕಂಡುಕೊಂಡ ದಾರಿ ಸರಳವಾದದ್ದು. ತೂಕ ಇಳಿಸಬೇಕಾದವರು, ದಿನವಿಡೀ ಕೂತು ಕೆಲಸ ಮಾಡುವವರು, ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ನಡೆದರೆ ಅದಕ್ಕೆಂದು ಬೇರೆ ಊಟ ಬೇಕಿಲ್ಲ. ಊಟದ ಲೆಕ್ಕದಲ್ಲಿ ವ್ಯಾಯಾಮ ಮೊದಲೇ ಸೇರಿದೆಯೇ ಎಂದು ನೋಡಬೇಕು. ಸೇರಿದ್ದರೆ ಮತ್ತೆ ಸೇರಿಸಬಾರದು. ಸೇರಿಲ್ಲದಿದ್ದರೆ, ದೀರ್ಘವಾಗಿ ಓಡಿದ ದಿನ, ಬೆಟ್ಟ ಹತ್ತಿದ ದಿನ ವಾಚು ತೋರಿಸಿದ್ದರ ಅರ್ಧಕ್ಕಿಂತ ಕಡಿಮೆಯನ್ನು ಮರಳಿ ತಿನ್ನಬಹುದು. ಅದೂ ಹುರಿದ ತಿಂಡಿಯಾಗಿ ಬೇಡ, ಕಾಳು, ಮೊಟ್ಟೆ, ಮಜ್ಜಿಗೆ, ಮುದ್ದೆಯಾಗಿ. ಮೂರು ನಾಲ್ಕು ವಾರದ ತೂಕದ ಸರಾಸರಿ ನೋಡಿ ತಿದ್ದಿಕೊಳ್ಳಬೇಕು. ವಾಚಿಗಿಂತ ಆ ತಕ್ಕಡಿಯ ಮಾತು ನಿಜ. ತಲೆಸುತ್ತು, ನಿದ್ದೆಗೇಡು, ಸದಾ ಚಳಿ ಕಂಡರೆ ಊಟ ಸಾಲುತ್ತಿಲ್ಲ ಎಂದೇ ಅರ್ಥ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮದಿಂದ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ಅವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಈ ದಾರಿಯಲ್ಲಿ ಹದಿನಾಲ್ಕು ತಿಂಗಳಲ್ಲಿ ನನ್ನ ತೂಕ 79ಕ್ಕೆ ಬಂದಿದೆ, ಎಚ್‌ಬಿಎ1ಸಿ 5.6ಕ್ಕೆ ಇಳಿದಿದೆ. ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬರುವುದಿಲ್ಲ.

ಅಮ್ಮನ ಕೈಗೆ ಕಟ್ಟಿದ ವಾಚು

ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕಳೆದ ಮುಂಗಾರಿನಲ್ಲಿ ಊರಿಗೆ ಬಂದಾಗ ಒಂದು ದಿನ ಕುತೂಹಲಕ್ಕೆ ವಾಚನ್ನು ಅಮ್ಮನ ಕೈಗೆ ಕಟ್ಟಿದ್ದೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಮ್ಮ ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತರು. ಸಂಜೆ ವಾಚು ಬಿಚ್ಚಿ ನೋಡಿದರೆ ಮೂರು ಸಾವಿರ ಹೆಜ್ಜೆಯೂ ಆಗಿರಲಿಲ್ಲ. "ಇನ್ನಷ್ಟು ಚಟುವಟಿಕೆಯಿಂದ ಇರಿ" ಎಂಬ ಸಲಹೆ ಬಂದಿತ್ತು. ಅಮ್ಮನಿಗೆ ಓದಿ ಹೇಳಿದೆ. ಅವರು ನಕ್ಕು ಒಲೆ ಹಚ್ಚಲು ಹೋದರು. ರಾತ್ರಿ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಅರ್ಧ ಮುದ್ದೆ, ಸಾರು ಉಂಡರು. ಅವರ ತೂಕ 44 ಕಿಲೋ. ರಕ್ತ ಕಡಿಮೆ ಇದೆ ಎಂದು ವೈದ್ಯರು ಎರಡು ವರ್ಷದಿಂದ ಹೇಳುತ್ತಿದ್ದಾರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಬೇಕು. ಕಷ್ಟದ ದುಡಿಮೆ ಮಾಡುವ 55 ಕಿಲೋ ತೂಕದ ಹೆಂಗಸಿಗೆ 2,720. ನಮ್ಮ ಮನೆಯಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಲವಾಸಿಯೆ ಕೇಳಿದ ಪ್ರಶ್ನೆ ನಮ್ಮ ಅಡುಗೆಮನೆಯಲ್ಲೇ ಕೂತಿತ್ತು. ನಾನು ಎರಡು ವರ್ಷ ನನ್ನ ಓಟದ ಲೆಕ್ಕದಲ್ಲೇ ಮುಳುಗಿದ್ದೆ, ಅದನ್ನು ನೋಡಿರಲಿಲ್ಲ.

ಉರಿದದ್ದನ್ನು ಮರಳಿ ತಿನ್ನಬೇಕೆ ಎಂದು ಕೇಳಿದರೆ, ಮೊದಲು ಕೇಳುತ್ತಿರುವವರು ಯಾರು ಎಂದು ನೋಡಬೇಕು. ನನ್ನಂಥವರು ಕೇಳಿದರೆ, ಹೆಚ್ಚಿನ ಪಾಲು ಬೇಡ. ಕಳೆ ಕೀಳುವ ತಾಯಿ, ಮೂಟೆ ಹೊರುವ ಅಣ್ಣ, ಬಸುರಿ ಬಾಣಂತಿಯರು, ಮೈದಾನದಲ್ಲಿ ಓಡುವ ನಮ್ಮ ಶಾಲೆಯ ಮಕ್ಕಳು ಕೇಳುವುದೇ ಇಲ್ಲ. ಅವರಿಗೆ ನಾವೇ ಕೇಳಿ ಬಡಿಸಬೇಕು, ಪೂರ್ತಿಯಾಗಿ ಬಡಿಸಬೇಕು. ಈಗ ನಾನು ಊರಿಗೆ ಹೋದಾಗ ಅಮ್ಮ ನಮ್ಮೊಂದಿಗೇ ಊಟಕ್ಕೆ ಕೂರುತ್ತಾರೆ. ಮೊದಲ ಮುದ್ದೆ, ಒಂದು ಮೊಟ್ಟೆ ಅವರ ತಟ್ಟೆಗೆ. ಮೊದಮೊದಲು ಸಂಕೋಚಪಟ್ಟರು, ಈಗ ಪಡುವುದಿಲ್ಲ.

ಅಳೆದು ನೋಡು, ಆಮೇಲೆ ನಂಬು ಎಂದು ಈ ಶಾಲೆಯ ಪ್ರಯೋಗಾಲಯದಲ್ಲಿ ಕಲಿಸಿದ ವಿಜ್ಞಾನದ ಮೇಷ್ಟ್ರಿಗೂ, ಬಿಸಿಲಿನಲ್ಲಿ ನಮ್ಮ ಜೊತೆ ತಾವೂ ಓಡಿದ ದೈಹಿಕ ಶಿಕ್ಷಣದ ಮೇಷ್ಟ್ರಿಗೂ ನನ್ನ ನಮಸ್ಕಾರಗಳು. ಐವತ್ತು ತುಂಬಿದ ನಮ್ಮ ಶಾಲೆ ನೂರು ತುಂಬಲಿ. ಮಹೋತ್ಸವದ ದಿನ ಊಟಕ್ಕೆ ಎಲ್ಲರೂ ಬನ್ನಿ. ಹೋಳಿಗೆ ಇದ್ದೇ ಇರುತ್ತದೆ. ಒಂದು ತಿಂದರೆ ಯಾವ ಲೆಕ್ಕವೂ ಕೆಡುವುದಿಲ್ಲ. ಎರಡನೆಯದನ್ನು ಹಾಕಿಸಿಕೊಳ್ಳುವ ಮೊದಲು, ಬಡಿಸುತ್ತಿರುವವರು ಉಂಡರೇ ಎಂದು ಒಮ್ಮೆ ಕೇಳೋಣ.